ರೊಟ್ಟಿ ತಟ್ಟುವ ಕೈಗೆ ಜೋಮು ಹಿಡಿದಾಗ

ಮೊದಲು ನಾನು ಸಂಶಯಪಟ್ಟಿದ್ದು ಗ್ರೈಂಡರಿನ ಮೇಲೆ.

ಬಿ.ಟಿ.ಎಂ. ಬಡಾವಣೆಯ ಬಾಡಿಗೆ ಮನೆಯ ನೆಲಮಹಡಿಯಲ್ಲಿ ನಾನೂ ನನ್ನ ಅತ್ತೆ ನೀಲವ್ವನೂ ಸೇರಿ ಒಂದು ಸಣ್ಣ ಖಾನಾವಳಿ ನಡೆಸುತ್ತೇವೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಕೆಂಪು ಮೆಣಸಿನಕಾಯಿ ಚಟ್ನಿ. ನಾವು ಗದಗದ ಕಡೆಯವರು. ಊಟಕ್ಕೆ ಬರುವವರೂ ಬಹುಮಟ್ಟಿಗೆ ಆ ಕಡೆಯಿಂದಲೇ ಬಂದು ಇಲ್ಲಿನ ಆಫೀಸುಗಳಲ್ಲಿ ದುಡಿಯುವ ಹುಡುಗ ಹುಡುಗಿಯರು. ರೊಟ್ಟಿ ತಟ್ಟುವವಳು ನಾನು, ಪಲ್ಯ ನೋಡಿಕೊಳ್ಳುವವಳು ಅತ್ತೆ.

ಒಂದು ದಿನ ರೊಟ್ಟಿ ತಟ್ಟಲು ತಲೆ ಬಗ್ಗಿಸಿದ ಕೂಡಲೇ ಕುತ್ತಿಗೆಯಿಂದ ಬೆನ್ನಿಗುಂಟ ಕಾಲಿನವರೆಗೆ ಜುಮ್ಮೆಂದು ಕರೆಂಟ್ ಹೊಡೆಯಿತು. ತಲೆ ಎತ್ತಿದೆ, ನಿಂತಿತು. ಮತ್ತೆ ಬಗ್ಗಿಸಿದೆ, ಮತ್ತೆ ಹೊಡೆಯಿತು. ಪಕ್ಕದಲ್ಲೇ ಗ್ರೈಂಡರ್ ತಿರುಗುತ್ತಿತ್ತು, ನೆಲ ಒದ್ದೆಯಾಗಿತ್ತು. ಇನ್ನೇನು ಬೇಕು? ಅರ್ತಿಂಗ್ ಸರಿಯಿಲ್ಲ ಎಂದು ತೀರ್ಮಾನಿಸಿ, ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಮಂಜುನಾಥನನ್ನು ಕರೆಸಿದೆ. ಅವನು ಅಡುಗೆಮನೆಯ ಪ್ಲಗ್ಗುಗಳನ್ನೆಲ್ಲ ಬಿಚ್ಚಿ, ಟೆಸ್ಟರ್ ಇಟ್ಟು ನೋಡಿ, ತಲೆ ಕೆರೆದುಕೊಂಡ.

"ಲೈನಲ್ಲಿ ಏನೂ ಇಲ್ಲ ಅಕ್ಕ. ಬೇರೆ ಯಾರ್ಗಾದ್ರೂ ಹೊಡೀತಾ?"

"ಇಲ್ಲ, ನನಗಷ್ಟ ಹೊಡೀತೈತಿ."

"ಹಂಗಾದ್ರೆ ಚಪ್ಲಿ ಹಾಕ್ಕೊಂಡ್ ಕೆಲ್ಸ ಮಾಡಿ, ಏನಾಗಲ್ಲ."

ಅಡುಗೆಮನೆಗೆ ಚಪ್ಪಲಿಯೆಂದರೆ ಅತ್ತೆ ನನ್ನನ್ನೇ ಹೊರಗೆ ಬಿಡುತ್ತಿದ್ದರು. ರಬ್ಬರ್ ಮ್ಯಾಟ್ ತಂದು ಹಾಸಿದೆವು. ಮ್ಯಾಟಿನ ಮೇಲೆ ನಿಂತರೂ ಕರೆಂಟ್ ಹೊಡೆಯಿತು. ಗ್ರೈಂಡರ್ ಬಂದ್ ಮಾಡಿದಾಗಲೂ ಹೊಡೆಯಿತು. ಸರಿ, ಪಕ್ಕದ ಮನೆಯ ಲೈನಿನಿಂದ ಬರುತ್ತಿರಬೇಕು ಎಂದುಕೊಂಡೆ. ಏನೇ ಆಗಲಿ, ಅದಕ್ಕೊಂದು ಕಾರಣ ಹುಡುಕಿ ಸುಮ್ಮನಾಗುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಎಡಗೈಗೂ ನನ್ನ ಬಳಿ ಕಾರಣವಿತ್ತು. ಆ ಅಂಗೈ ಕೆಲವು ವಾರಗಳಿಂದ ದಪ್ಪ ಗ್ಲೌಸು ಹಾಕಿಕೊಂಡ ಹಾಗಿತ್ತು. ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿದರೂ ಬಿಸಿ ತಿಳಿಯುತ್ತಿರಲಿಲ್ಲ. ನಮ್ಮಲ್ಲಿ ಇದು ಹೆಮ್ಮೆಯ ವಿಷಯ. ರೊಟ್ಟಿ ಮಾಡುವವಳ ಕೈ ಬೆಂಕಿಗೆ ಹೆದರಬಾರದು. ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಹಂಚು ತಗುಲಿದರೆ ಕುಣಿದಾಡುತ್ತಿದ್ದೆ. ಈಗ ಅತ್ತೆ ಊಟಕ್ಕೆ ಬಂದವರ ಮುಂದೆ ಹೇಳುತ್ತಿದ್ದರು: "ನಮ್ಮ ಲೀಲಾನ ಕೈ ಈಗ ಖರೇನ ಪಳಗೇತಿ ನೋಡ್ರಿ." ನಾನೂ ಉಬ್ಬಿಹೋಗಿದ್ದೆ. ಅಷ್ಟು ವರ್ಷ ರೊಟ್ಟಿ ಬೇಯಿಸಿದ ಬಲಗೈ ಪಳಗದೆ ಎಡಗೈ ಒಂದೇ ಹೇಗೆ ಪಳಗಿತು ಎಂದು ಇಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಹೊಳೆದದ್ದು ಒಂದು ಬೆಳಿಗ್ಗೆ, ಪೂಜೆಯ ಹೊತ್ತಿಗೆ. ಸ್ನಾನ ಮಾಡಿ ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಪೂಜಿಸುವುದು ನಮ್ಮ ಮನೆಯ ರೂಢಿ. ವಿಭೂತಿ ಹಚ್ಚಿ, ಪತ್ರೆ ಇಟ್ಟು, ಸ್ವಲ್ಪ ಹೊತ್ತು ಕಣ್ಣು ಮುಚ್ಚುತ್ತೇನೆ. ಅಂಗೈಯ ಮೇಲಿನ ಆ ತಣ್ಣನೆಯ ಭಾರ ಚಿಕ್ಕಂದಿನಿಂದ ಪರಿಚಿತ. ಅಂದು ಕಣ್ಣು ಮುಚ್ಚಿದರೆ ಕೈಯಲ್ಲಿ ಏನೂ ಇರಲಿಲ್ಲ. ಗಾಬರಿಯಾಗಿ ಕಣ್ಣು ಬಿಟ್ಟೆ. ಲಿಂಗ ಅಲ್ಲೇ ಇತ್ತು, ಆದರೆ ಜಾರಿ ಬೆರಳ ತುದಿಗೆ ಬಂದಿತ್ತು. ಇನ್ನು ಸ್ವಲ್ಪವಾದರೆ ನೆಲಕ್ಕೆ ಬೀಳುತ್ತಿತ್ತು.

ಎದುರಿಗೆ ಕುಳಿತಿದ್ದ ಅತ್ತೆ ಇದನ್ನು ನೋಡಿಬಿಟ್ಟರು. ಲಿಂಗ ಕೈಜಾರುವುದೆಂದರೆ ನಮ್ಮ ಹಿರಿಯರ ಬಾಯಲ್ಲಿ ಕೇಳಬಾರದ ಮಾತುಗಳಿವೆ. ಅತ್ತೆ ಈಗ ಅತ್ತಾರು, ಮಠಕ್ಕೆ ಹೋಗೋಣ ಎಂದಾರು ಎಂದು ಕಾದೆ. ಅವರು ಎದ್ದು ಬಂದು, ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕರಡಿಗೆಯಲ್ಲಿಟ್ಟು ನನ್ನ ಕೊರಳಿಗೆ ಹಾಕಿದರು. ಆಮೇಲೆ ನನ್ನ ಎಡಗೈ ಹಿಡಿದು ಉಗುರಿನಿಂದ ಜೋರಾಗಿ ಚಿವುಟಿದರು.

"ನೋವಾತೇನು?"

"ಇಲ್ಲ ಅತ್ತಿ."

"ಲಿಂಗಕ್ಕ ಏನೂ ಆಗಿಲ್ಲ. ನಿನ್ನ ಕೈಗೆ ಏನೋ ಆಗೇತಿ. ನಡಿ ದವಾಖಾನಿಗೆ."

ನಮ್ಮ ಬಡಾವಣೆಯ ಡಾಕ್ಟರು ರಕ್ತಪರೀಕ್ಷೆ ಮಾಡಿಸಿದರು. ಬಿ12 ಕಡಿಮೆ ಇತ್ತು. ಮಾಂಸ ಮೊಟ್ಟೆ ಮುಟ್ಟದ ಮನೆಗಳಲ್ಲಿ ಇದು ಸಾಮಾನ್ಯ, ಕೈಗೆ ಜೋಮು ಹಿಡಿಯಲು ಇದೂ ಕಾರಣವಿರಬಹುದು ಎಂದು ಇಂಜೆಕ್ಷನ್ ಬರೆದುಕೊಟ್ಟರು. "ಇದ್ರಲ್ಲಿ ಕಮ್ಮಿ ಆಗ್ಲಿಲ್ಲ, ಇಲ್ಲಾ ಹೊಸದಾಗಿ ಏನಾದ್ರೂ ಶುರುವಾಯ್ತು ಅಂದ್ರೆ ತಡ ಮಾಡ್ದೆ ಬನ್ನಿ" ಎಂದೂ ಹೇಳಿದರು. ನನ್ನ ಕಿವಿಗೆ ಬಿದ್ದದ್ದು ಇಂಜೆಕ್ಷನ್ ಎಂಬ ಮಾತು ಮಾತ್ರ. ಕಾರಣ ಸಿಕ್ಕಿತಲ್ಲ! ಮನೆಗೆ ಬರುವಾಗ ಖುಷಿಗೆ ಮಲ್ಲಿಗೆ ಹೂವು ಕೊಂಡೆ. ಗ್ರೈಂಡರಿನ ಸುದ್ದಿಯನ್ನು ಅವರಿಗೆ ಹೇಳಬೇಕೆಂದು ಅನಿಸಲೂ ಇಲ್ಲ. ಡಾಕ್ಟರ ಮುಂದೆ ಯಾರಾದರೂ ಅರ್ತಿಂಗ್ ವಿಷಯ ತೆಗೆಯುತ್ತಾರೆಯೇ?

ಆಮೇಲೆ ಚಟ್ನಿಯ ಸರದಿ ಬಂತು. ಲಿಂಗಕ್ಕೆ ಅರ್ಪಿಸುವ ಮೊದಲು ರುಚಿ ನೋಡುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ಖಾರ ಸರಿಯಿದೆಯೋ ಇಲ್ಲವೋ ಎಂಬುದನ್ನು ನಾನು ಬಣ್ಣ ನೋಡಿಯೇ ಹೇಳುತ್ತೇನೆ. ಆ ವಾರ ಚಟ್ನಿ ಎಷ್ಟು ರುಬ್ಬಿದರೂ ಕೆಂಪು ಬರುತ್ತಿರಲಿಲ್ಲ. ಹತ್ತು ಸಲ ಒಗೆದ ಸೀರೆಯ ಹಾಗೆ ಮಾಸಲು. ಅಂಗಡಿಯವನು ಹಳೆಯ ಮೆಣಸಿನಕಾಯಿ ಕೊಟ್ಟಿದ್ದಾನೆ ಎಂದು ಬೈಯುತ್ತ ಇನ್ನಷ್ಟು ಹಾಕಿದೆ, ಮತ್ತಷ್ಟು ಹಾಕಿದೆ. ಮಧ್ಯಾಹ್ನ ಊಟಕ್ಕೆ ಕುಳಿತವರಲ್ಲಿ ಖಾರ ತಿನ್ನುವುದೇ ಗಂಡಸುತನ ಎಂದುಕೊಂಡಿದ್ದ ವಿಜಯಪುರದವನೊಬ್ಬ ಕಣ್ಣಲ್ಲಿ ನೀರು ಸುರಿಸುತ್ತ ಅಡುಗೆಮನೆ ಬಾಗಿಲಿಗೆ ಬಂದ. "ಅಕ್ಕಾ, ನಮ್ಮ ಮ್ಯಾಲೆ ಏನರ ಸಿಟ್ಟೈತೇನ್ರಿ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಒಲೆಯ ಮುಂದೆ ನಿಂತಾಗಲೆಲ್ಲ ಬಲಗಣ್ಣಿನ ಮುಂದೆ ಮಂಜು ಬಂದಂತಾಗುತ್ತಿತ್ತು. ಕಣ್ಣು ಹೊರಳಿಸಿದರೆ ಗುಡ್ಡೆಯ ಹಿಂದೆ ನೋವು. ನನ್ನ ಗಂಡ ಈರಣ್ಣ ಕೊರಿಯರ್ ಕಚೇರಿಗೆ ರಜೆ ಹಾಕಿ, ಬೈಕಿನ ಹಿಂದೆ ಕೂರಿಸಿಕೊಂಡು ಜಯನಗರದ ಕಣ್ಣಿನ ಡಾಕ್ಟರ ಬಳಿಗೆ ಕರೆದೊಯ್ದರು. ಕನ್ನಡಕ ಕೊಡುತ್ತಾರೆ, ಯಾವ ಫ್ರೇಮ್ ತಗೊಳ್ಳಲಿ ಎಂದು ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ.

ಕಣ್ಣಿನ ಡಾಕ್ಟರು ವಯಸ್ಸಾದವರು, ನಿಧಾನಸ್ಥರು. ಅಕ್ಷರ ಓದಿಸಿದ ಮೇಲೆ ಔಷಧಿ ಬಾಟಲಿಯ ಕೆಂಪು ಮುಚ್ಚಳವೊಂದನ್ನು ಹಿಡಿದು, ಒಂದೊಂದೇ ಕಣ್ಣು ಮುಚ್ಚಿ ನೋಡಲು ಹೇಳಿದರು. ಎಡಗಣ್ಣಿಗೆ ಅದು ಕುಂಕುಮದ ಕೆಂಪು. ಬಲಗಣ್ಣಿಗೆ ಹಳೆಯ ಇಟ್ಟಿಗೆ. ನಾನು ಮತ್ತೆ ಮತ್ತೆ ಕಣ್ಣು ಬದಲಾಯಿಸಿ ನೋಡಿದೆ. ಮೆಣಸಿನಕಾಯಿ ಅಂಗಡಿಯವನಿಗೆ ಬೈದದ್ದೆಲ್ಲ ನೆನಪಾಯಿತು. ಡಾಕ್ಟರು ಮುಚ್ಚಳ ಕೆಳಗಿಟ್ಟು ಕೇಳಿದರು: "ಕೈ ಕಾಲು ಎಲ್ಲಾದ್ರೂ ಜೋಮು ಹಿಡಿಯುತ್ತಾ ಅಮ್ಮ?"

"ಎಡಗೈರೀ."

"ತಲೆ ಬಗ್ಗಿಸಿದ್ರೆ ಬೆನ್ನಲ್ಲಿ ಕರೆಂಟ್ ಹೊಡ್ದಂಗೆ ಆಗುತ್ತಾ?"

ನಾನು ಈರಣ್ಣನವರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. "ನಮ್ಮ ಮನಿ ಗ್ರೈಂಡರಿನ ಸುದ್ದಿ ನಿಮಗ ಯಾರು ಹೇಳಿದ್ರು?" ಎಂದುಬಿಟ್ಟೆ.

ಅವರಿಗೆ ಅರ್ಥವಾಗಲಿಲ್ಲ. ಈರಣ್ಣ ಮಂಜುನಾಥನ ಕಥೆಯನ್ನು, ರಬ್ಬರ್ ಮ್ಯಾಟಿನ ಕಥೆಯನ್ನು ಹೇಳಿದರು. ಡಾಕ್ಟರು ನಗಲಿಲ್ಲ. "ಇವೆಲ್ಲ ಬೇರೆ ಬೇರೆ ತೊಂದ್ರೆ ಅಂದ್ಕೊಂಡಿದೀರಿ. ಒಂದೇ ಇರ್ಬೋದು. ಖಚಿತವಾಗಿ ನಾನು ಹೇಳೋಕಾಗಲ್ಲ. ಇವತ್ತೇ ನರರೋಗದ ಡಾಕ್ಟ್ರನ್ನ ನೋಡಿ" ಎಂದು ಚೀಟಿ ಬರೆದುಕೊಟ್ಟರು. ಮೆಟ್ಟಿಲಿಳಿಯುವಾಗ ಕಾಲು ನೆಲಕ್ಕೆ ಊರುತ್ತಿಲ್ಲ ಎನಿಸಿತು. ಅದು ರೋಗದಿಂದಲೋ ಹೆದರಿಕೆಯಿಂದಲೋ ಗೊತ್ತಿಲ್ಲ.

ನರರೋಗ ತಜ್ಞೆ ನನಗಿಂತ ಚಿಕ್ಕವರಿರಬೇಕು. ಸುತ್ತಿಗೆಯಲ್ಲಿ ಮೊಣಕಾಲು ತಟ್ಟಿದರು, ಅಂಗಾಲು ಗೀರಿದರು, ಕಣ್ಣು ಮುಚ್ಚಿ ನಿಲ್ಲಿಸಿದರು. ನಾನು ವಾಲಿದೆ. "ಮಲ್ಟಿಪಲ್ ಸ್ಕ್ಲೆರೋಸಿಸ್ ಇರ್ಬೋದು, ಅಂದ್ರೆ ಮೈಯನ್ನ ಕಾಯೋ ಶಕ್ತಿನೇ ನರಗಳ ಹೊದಿಕೆ ಹಾಳು ಮಾಡೋ ಕಾಯಿಲೆ. ಬೇರೆ ಏನಾದ್ರೂ ಇರ್ಬೋದು. ಎಂ.ಆರ್.ಐ. ಆಗ್ಲಿ. ಅಲ್ಲೀವರೆಗೂ ಫೋನಲ್ಲಿ ಹುಡುಕ್ಬೇಡಿ" ಎಂದರು. ನಾನು ಹುಡುಕಲಿಲ್ಲ. ಈರಣ್ಣ ಹುಡುಕಿದರು. ಅದು ನನಗೆ ಗೊತ್ತಾದದ್ದು ಅವರು ಮಾತು ನಿಲ್ಲಿಸಿದ್ದರಿಂದ. ಹರಟೆಯಿಲ್ಲದೆ ಒಂದು ಲೋಟ ಚಹಾ ಕುಡಿಯದ ಮನುಷ್ಯ, ಗೋಡೆ ನೋಡುತ್ತ ಕುಳಿತಿದ್ದರು. ಫೋನ್ ಕಸಿದುಕೊಂಡು ನೋಡಿದರೆ ಬರೀ ಗಾಲಿಕುರ್ಚಿಗಳು. ನಾನು ಸಿಟ್ಟಿನಿಂದ ಹೇಳಿದೆ: "ಇನ್ನೂ ನಡಿಯಾಕತ್ತೀನಿ, ಈಗಿಂದನ ಕೂಡಿಸಬ್ಯಾಡ್ರಿ." ಹೇಳಿದ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ನನ್ನ ಭಯ ಸಾವಿನದಾಗಿರಲಿಲ್ಲ. ಕೈಯದಾಗಿತ್ತು. ನಾನು ಓದಿದವಳಲ್ಲ, ಈ ಊರಿನಲ್ಲಿ ನನ್ನನ್ನು ನಾಲ್ಕು ಜನ ಗುರುತಿಸುವುದು ರೊಟ್ಟಿಯಿಂದ. ಬಾಯಲ್ಲಿ ಕರಗುವ ತೆಳು ರೊಟ್ಟಿ, ಅಂಚು ಒಡೆಯದ ರೊಟ್ಟಿ. ಆ ಕೈ ಹೋದರೆ ಈ ಊರಿನಲ್ಲಿ ಉಳಿಯುವ ಲೀಲಾ ಯಾರು? ಈ ಪ್ರಶ್ನೆಯನ್ನು ಯಾರ ಮುಂದೆಯೂ ಇಡಲಾಗದೆ ಒದ್ದಾಡಿದೆ.

ಎಂ.ಆರ್.ಐ. ದಿನ ಆಸ್ಪತ್ರೆಗೆ ಅತ್ತೆಯೂ ಬಂದರು. ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕು ಎಂದಳು ಅಲ್ಲಿನ ಹುಡುಗಿ. ಬಳೆ, ಕಾಲುಂಗುರ, ತಾಳಿ, ಓಲೆ. ಕೊನೆಗೆ ಕೊರಳಿನ ಬೆಳ್ಳಿ ಕರಡಿಗೆ ತೋರಿಸಿ "ಇದೂ ತೆಗೀಬೇಕು ಮೇಡಂ, ಲಾಕರಲ್ಲಿಡಿ" ಎಂದಳು. ನನಗೆ ಕೈ ಬರಲಿಲ್ಲ. ಪೂಜೆಯ ಹೊತ್ತು ಬಿಟ್ಟರೆ ಅದನ್ನು ಎಂದೂ ಕೊರಳಿನಿಂದ ತೆಗೆದಿರಲಿಲ್ಲ. ಅತ್ತೆ ಮುಂದೆ ಬಂದು ತಾವೇ ದಾರ ಬಿಚ್ಚಿಕೊಂಡರು. "ಲಾಕರಿನಾಗ ಯಾಕ? ನನ್ನ ಕೈ ಇಲ್ಲೇನು? ನೀ ಒಳಗ ಹೋಗು."

ಯಂತ್ರದೊಳಗೆ ಮಲಗಿದರೆ ತಗಡಿನ ಮೇಲೆ ಕಲ್ಲು ಸುರಿದಂಥ ಸದ್ದು. ಅಲುಗಬಾರದು. ಎಷ್ಟು ಹೊತ್ತಾಯಿತೋ, ನನಗಂತೂ ಒಂದು ಜನ್ಮವೇ ಕಳೆದಂತಾಯಿತು. ಹೊರಗೆ ಬಂದಾಗ ಅತ್ತೆ ಕಾಯುವ ಕೋಣೆಯ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದರು. ಎಡಗೈಯಲ್ಲಿ ನನ್ನ ಕರಡಿಗೆ, ಅದರ ಮೇಲೆ ಬಲಗೈ. ಅವರು ಒರಗಿಲ್ಲ, ನೀರು ಕುಡಿದಿಲ್ಲ, ಮಾತಾಡಿಸಿದರೆ ಮಾತಾಡಿಲ್ಲ ಎಂದು ಈರಣ್ಣ ಹೇಳಿದರು. ಎದುರಿನ ಟಿವಿಯಲ್ಲಿ ಅವರ ಇಷ್ಟದ ಧಾರಾವಾಹಿ ಬರುತ್ತಿದ್ದರೂ ತಲೆಯೆತ್ತಿ ನೋಡಿಲ್ಲವಂತೆ. ನನ್ನ ಕೊರಳಿಗೆ ತಾವೇ ದಾರ ಕಟ್ಟಿದರು. ಮದುವೆಯಾಗಿ ಇಷ್ಟು ವರ್ಷ ಈ ಹೆಂಗಸಿನ ಜೊತೆ ಉಪ್ಪು ಹುಳಿಗೆಲ್ಲ ಜಗಳವಾಡಿದ್ದೇನೆ. ಅಂದು ಅವರ ಹೆಗಲ ಮೇಲೆ ತಲೆಯಿಟ್ಟೆ.

ಮೆದುಳಿನಲ್ಲೂ ಕುತ್ತಿಗೆಯ ಬೆನ್ನುಹುರಿಯಲ್ಲೂ ಕಲೆಗಳಿದ್ದವು. ಬೆನ್ನಿನಿಂದ ನೀರು ತೆಗೆದು ನೋಡಿದರು, ಬೇರೆ ರೋಗಗಳಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಇನ್ನಷ್ಟು ರಕ್ತ ಕಳಿಸಿದರು. ಆ ಕಾಯುವ ವಾರದಷ್ಟು ಕೆಟ್ಟದ್ದು ಆಮೇಲೆ ಬಂದ ಯಾವುದೂ ಆಗಿರಲಿಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ಸೇ ಎಂದು ಡಾಕ್ಟರು ಹೆಸರು ಹೇಳಿದ ದಿನ ನನಗೆ ಅಳು ಬರಲಿಲ್ಲ, ಒಂದು ಬಗೆಯ ಸಮಾಧಾನವೇ ಆಯಿತು. ಗ್ರೈಂಡರ್, ಪಳಗಿದ ಕೈ, ಹಳೆಯ ಮೆಣಸಿನಕಾಯಿ ಎಂದು ನಾನು ಕಟ್ಟಿಕೊಂಡಿದ್ದ ಗೋಡೆಗಳೆಲ್ಲ ಬಿದ್ದು, ಒಂದೇ ವೈರಿ ಎದುರಿಗೆ ನಿಂತಿತ್ತು.

ಅತ್ತೆ ಡಾಕ್ಟರನ್ನು ಕೇಳಿದ್ದು ಒಂದೇ. "ಬೆಂಕಿ ಮುಂದ ಭಾಳ ನಿಂದರಿಸಿದ್ನಿ. ಅದಕ್ಕ ಬಂತೇನ್ರಿ?"

"ಇಲ್ಲ ಅಮ್ಮ. ಯಾರಿಂದಾನೂ ಬಂದಿದ್ದಲ್ಲ."

ನಾನು ಕೇಳಿದ್ದೂ ಒಂದೇ. "ರೊಟ್ಟಿ ಬಡಿಬೋದೇನ್ರಿ?"

ಅವರು ಪೆನ್ನು ಕೆಳಗಿಟ್ಟರು. "ಬಡೀಬೋದು. ಸೆಕೆ ಹೆಚ್ಚಾದ್ರೆ ಕಣ್ಣು ಮಸುಕಾಗುತ್ತೆ, ಕೈಕಾಲು ಸೋಲುತ್ತೆ. ತಣ್ಣಗಿರೋ ಕಡೆ ಕೂತ್ರೆ ವಾಪಸ್ ಬರುತ್ತೆ. ಅದ್ರಿಂದ ಹೊಸ ಹಾನಿ ಆಗಲ್ಲ, ಹೆದರ್ಬೇಡಿ. ಆದ್ರೆ ಆ ಕೈಗೆ ಬಿಸಿ ಗೊತ್ತಾಗೋವರೆಗೂ ಹಂಚಿನ ಹತ್ರ ಹೋಗ್ಬೇಡಿ. ಸುಟ್ಕೋತೀರಿ, ತಿಳಿಯೋದೂ ಇಲ್ಲ."

ನಾಲ್ಕಾರು ದಿನ ರಕ್ತನಾಳದ ಮೂಲಕ ಸ್ಟಿರಾಯ್ಡ್ ಕೊಟ್ಟರು. ಬಾಯೆಲ್ಲ ತುಕ್ಕು ಹಿಡಿದ ಕಬ್ಬಿಣ ನೆಕ್ಕಿದ ಹಾಗೆ. ನಿದ್ದೆಯಿಲ್ಲ, ಹಸಿವಂತೂ ಹೇಳಬಾರದು. ಗದಗದಿಂದ ನಾದಿನಿ ಫೋನ್ ಮಾಡಿ ಕೈಗೆ ತಿಕ್ಕಲು ಯಾವುದೋ ಎಣ್ಣೆಯ ಹೆಸರು ಹೇಳಿದಾಗ, ಆ ಎಣ್ಣೆಯಲ್ಲಿ ಬಜ್ಜಿ ಕರಿಯಬಹುದೇ ಎಂದು ಕೇಳಿದೆನಂತೆ. ಕಣ್ಣು ಬೇಗ ತಿಳಿಯಾಯಿತು. ಕೈ ಹಟ ಹಿಡಿಯಿತು.

ಖಾನಾವಳಿಯನ್ನು ಮುಚ್ಚಲಿಲ್ಲ. ಅತ್ತೆ ಮತ್ತೆ ರೊಟ್ಟಿಗೆ ಕುಳಿತರು. ಅವರ ಮಣಿಕಟ್ಟು ಮೊದಲಿನಂತಿರಲಿಲ್ಲ, ಮಧ್ಯಾಹ್ನದ ಹೊತ್ತಿಗೆ ಸೋಲುತ್ತಿತ್ತು. ಆಗ ನಮ್ಮ ಮನೆಯಲ್ಲಿ ಯಾರೂ ನೋಡಿರದ ಸಂಗತಿ ನಡೆಯಿತು. ಈರಣ್ಣ ರಜೆಯ ದಿನ ಅಂಗಿಯ ತೋಳು ಮಡಚಿ ಹಿಟ್ಟಿಗೆ ಕೈ ಹಾಕಿದರು. ಅವರ ಮೊದಲ ರೊಟ್ಟಿಯನ್ನು ಹಂಚಿಗೆ ಹಾಕಲು ಎತ್ತಿದಾಗ ಅರ್ಧ ಕೈಯಲ್ಲಿ ಬಂತು, ಅರ್ಧ ಮಣೆಯಲ್ಲೇ ಉಳಿಯಿತು. ಊಟಕ್ಕೆ ಬಂದ ಹುಡುಗರು ಅಡುಗೆಮನೆಯಲ್ಲಿ ಇಣುಕಿ "ಅಣ್ಣಾ, ಇದು ರೊಟ್ಟಿನೋ ಚಪ್ಪಲಿನೋ?" ಎಂದು ಕಾಡಿಸಿದರು. ಕಾಡಿಸುತ್ತಲೇ ತಿಂದರು, ಒಬ್ಬನೂ ಬೇರೆ ಕಡೆಗೆ ಹೋಗಲಿಲ್ಲ. ಯಾರಿಗೆ ಯಾರೂ ಆಗದ ಊರು ಎಂದು ಈ ಊರಿನ ಮೇಲೆ ನನಗಿದ್ದ ಎಷ್ಟೋ ಸಿಟ್ಟು ಆ ದಿನಗಳಲ್ಲಿ ಇಳಿದುಹೋಯಿತು.

ಬೆಳಿಗ್ಗೆ ಪೂಜೆ ಮುಗಿದ ಮೇಲೆ ಅತ್ತೆ ನನ್ನ ಪರೀಕ್ಷೆ ಮಾಡುತ್ತಿದ್ದರು. ಕಣ್ಣು ಮುಚ್ಚಿಸಿ, ನನ್ನ ಎಡಗೈಗೆ ಒಮ್ಮೆ ಉಗುರುಬೆಚ್ಚಗಿನ ನೀರಿನ ಲೋಟ, ಒಮ್ಮೆ ಮಡಕೆಯ ನೀರಿನ ಲೋಟ ಕೊಡುವುದು. "ಯಾವುದು?" ಎಂದು ಕೇಳುವುದು. ನಾನು ಊಹೆಯ ಮೇಲೆ ಹೇಳುತ್ತಿದ್ದೆ. ತಪ್ಪಿದರೆ ಅವರು ಲೋಟ ತೊಳೆದಿಡುತ್ತಿದ್ದರು. ಒಂದು ದಿನ ಲೋಟ ತಾಗಿದ ಕೂಡಲೇ ಊಹಿಸುವ ಮೊದಲೇ ಬಾಯಿಗೆ ಬಂತು: "ಬಿಸೀದು." ಅವರು ಬದಲಾಯಿಸಿದರು. "ತಣ್ಣಂದು." ಮತ್ತೆ ಬದಲಾಯಿಸಿದರು, ಮೋಸ ಮಾಡಲು ಅದನ್ನೇ ಎರಡು ಸಲ ಕೊಟ್ಟರು. ಎಲ್ಲವೂ ಸರಿ. ಕಣ್ಣು ಬಿಟ್ಟಾಗ ಅತ್ತೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. "ಇಷ್ಟು ದಿನ ಗುದ್ದಾಡಿಸಿದಿ ನೋಡು" ಎಂದು ನನ್ನ ಕೈಗೇ ಒಂದು ಪೆಟ್ಟು ಕೊಟ್ಟರು. ಆ ಪೆಟ್ಟೂ ಸ್ವಲ್ಪ ನೋಯಿತು.

ಈಗ ವರ್ಷದಲ್ಲಿ ಎರಡು ಸಲ ಆಸ್ಪತ್ರೆಗೆ ಹೋಗಿ, ಕುರ್ಚಿಯಲ್ಲಿ ಒರಗಿ ಔಷಧಿ ಏರಿಸಿಕೊಂಡು ಬರುತ್ತೇನೆ. ಎಡಗೈಯ ಕೊನೆಯ ಎರಡು ಬೆರಳು ಇನ್ನೂ ಮಂದ. ದಣಿದ ದಿನ ಕಾಲು ಎಳೆಯುತ್ತದೆ. ಹೊಸದಾಗಿ ಏನಾದರೂ ಅನಿಸಿದರೆ ಅದಕ್ಕೆ ನಾನೇ ಕಾರಣ ಹುಡುಕುವುದನ್ನು ಬಿಟ್ಟಿದ್ದೇನೆ. ಡಾಕ್ಟರಿಗೆ ಫೋನ್ ಮಾಡುತ್ತೇನೆ, ಹುಡುಕುವುದು ಅವರ ಕೆಲಸ.

ಕಳೆದ ಸಲ ಪಕ್ಕದ ಕುರ್ಚಿಯಲ್ಲಿ ಸಹನಾ ಎಂಬ ಹುಡುಗಿ ಇದ್ದಳು. ಪದ್ಮನಾಭನಗರದವಳು, ಟ್ಯೂಷನ್ ಕೇಂದ್ರವೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದಳಂತೆ. ಇದೇ ರೋಗ ಕಾಲಿನಲ್ಲಿ ಶುರುವಾಗಿ ಕೆಲಸ ಬಿಟ್ಟಿದ್ದಳು. ಅದು ಅವಳ ಮೊದಲ ದಿನ. ಕೈಗೆ ಸೂಜಿ ಚುಚ್ಚಿಸಿಕೊಂಡು ಗೋಡೆಯ ಕಡೆ ತಿರುಗಿದ್ದವಳು ನನ್ನ ಕಡೆ ಹೊರಳಿ ಕೇಳಿದಳು: "ಅಕ್ಕ, ನೀವು ಮೊದಲಿನ ಥರ ಕೆಲ್ಸ ಮಾಡ್ತೀರಾ? ಸುಳ್ಳು ಹೇಳ್ಬೇಡಿ ಪ್ಲೀಸ್. ಎಲ್ಲಾರೂ ನಂಗೆ ಧೈರ್ಯ ಹೇಳಿ ಹೇಳಿ ಸಾಕಾಗಿದೆ."

"ಊಟಕ್ಕೆ ಬಾ, ನೀನ ನೋಡು" ಎಂದೆ.

ಅವಳು ಬಂದದ್ದು ಸುಡುಬಿಸಿಲಿನ ಒಂದು ಭಾನುವಾರ, ತಾಯಿಯ ತೋಳು ಹಿಡಿದುಕೊಂಡು. ಅಡುಗೆಮನೆಗೆ ಹತ್ತಿರದ ಬೆಂಚಿನಲ್ಲಿ ಕೂರಿಸಿದೆ. ಅವಳಿಗೆ ತೋರಿಸಬೇಕೆಂಬ ಹುಮ್ಮಸ್ಸಿನಲ್ಲಿ ಎಂದಿಗಿಂತ ಜೋರಾಗಿ ತಟ್ಟಿದೆ. ತಟ್ಟಿದ್ದೇ ತಟ್ಟಿದ್ದು, ಸ್ವಲ್ಪ ಹೊತ್ತಿಗೆ ಬಲಗಣ್ಣಿಗೆ ಮಂಜು ಕವಿಯಿತು. ಎಡಗೈ ಭಾರವಾಗಿ, ಎತ್ತಿದ ರೊಟ್ಟಿ ಹರಿದು ಮಣೆಯ ಮೇಲೆ ಬಿತ್ತು. ಇವತ್ತೇ ಆಗಬೇಕಿತ್ತೇ! ನಾಚಿಕೆಯಿಂದ ಕಿವಿ ಬಿಸಿಯಾಯಿತು. ಸಹನಾಳ ತಾಯಿ ಗಾಬರಿಯಿಂದ ಎದ್ದು ನಿಂತರು. "ಅಯ್ಯೋ, ಏನಾಯ್ತ್ರೀ?"

ಮುಚ್ಚಿಡುವುದು ನನ್ನಿಂದ ಆಗಲಿಲ್ಲ. "ಸೆಕಿಗೆ ಹಿಂಗ ಆಗತೈತ್ರಿ" ಎಂದು ಹೇಳಿ ಒಲೆ ಸಣ್ಣ ಮಾಡಿದೆ. ಹೊರಗೆ ಬಂದು ಸಹನಾಳ ಎದುರಿಗೇ ಫ್ಯಾನಿನ ಕೆಳಗೆ ಕುಳಿತೆ. ಅತ್ತೆ ಒದ್ದೆ ಟವೆಲನ್ನು ಕುತ್ತಿಗೆಗೆ ಹಾಕಿ, ಮಜ್ಜಿಗೆ ಕೊಟ್ಟು, ಊಟ ಮಾಡುವವರಿಗೆ "ರೊಟ್ಟಿ ಸ್ವಲ್ಪ ತಡ ಆಗತೈತಿ, ಅನ್ನ ಉಣ್ಣುವವರು ಉಣ್ರಿ" ಎಂದು ಕೂಗಿದರು. ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಸಹನಾ ನನ್ನನ್ನೇ ನೋಡುತ್ತಿದ್ದಳು. ನಾನು ಮಜ್ಜಿಗೆ ಕುಡಿದೆ. ಮಂಜು ಮೆಲ್ಲಗೆ ಸರಿಯಿತು. ಮೊದಲು ಅವಳ ಮುಖ, ಆಮೇಲೆ ಅವಳ ಹಣೆಯ ಬೊಟ್ಟು ಕಾಣಿಸಿತು. ಎದ್ದು ಹೋಗಿ ಹಿಟ್ಟು ನಾದಿ, ಈ ಸಲ ನಿಧಾನವಾಗಿ ತಟ್ಟಿ ಒಂದು ರೊಟ್ಟಿ ಬೇಯಿಸಿ, ಉಬ್ಬಿದ್ದನ್ನು ಹಾಗೇ ತಂದು ಅವಳ ತಟ್ಟೆಗೆ ಹಾಕಿದೆ.

ಅವಳು ಅದನ್ನು ಪೂರ್ತಿ ತಿಂದಳು. ತಾಯಿ ಹೋಗೋಣ ಎಂದರೂ ಏಳಲಿಲ್ಲ. ತಟ್ಟೆಯನ್ನು ನನ್ನ ಕಡೆಗೆ ಚಾಚಿದಳು.

"ಇನ್ನೊಂದ್ ಹಾಕಿ ಅಕ್ಕ" ಎಂದಳು. ಆಮೇಲೆ ತಾಯಿಯ ಕಡೆ ತಿರುಗಿದಳು: "ಅಮ್ಮಾ, ಟ್ಯೂಷನ್ ಸಾರ್‌ಗೆ ಫೋನ್ ಮಾಡು. ಸೋಮವಾರದಿಂದ ಬರ್ತೀನಿ ಅನ್ನು. ಬೋರ್ಡ್ ಪಕ್ಕ ನಂಗೊಂದು ಕುರ್ಚಿ ಹಾಕ್ಸೋಕೆ ಹೇಳು."